ಒಂದೇ ಪಾಟಿಚೀಲ, ಎರಡು ದೇಶ

ಅಮೆರಿಕದ ಸರ್ಕಾರಿ ಶಾಲೆಗೆ ಮಗುವನ್ನು ಸೇರಿಸಲು ಹೋದರೆ ಕಚೇರಿಯವರು ಮೊದಲು ಕೇಳುವ ಕಾಗದಗಳಲ್ಲಿ ಕರೆಂಟ್ ಬಿಲ್ಲು ಒಂದು. ಅದಿಲ್ಲದಿದ್ದರೆ ಮನೆ ಬಾಡಿಗೆಯ ಕರಾರುಪತ್ರ. ಆಮೇಲೆ ಹುಟ್ಟಿದ ದಿನಾಂಕದ ದಾಖಲೆ, ಲಸಿಕೆ ಹಾಕಿಸಿದ ವಿವರ. ಕರ್ನಾಟಕದ ಶಾಲೆಯ ಪಟ್ಟಿ ಬೇರೆ: ಹಿಂದಿನ ಶಾಲೆಯ ಟಿ.ಸಿ., ಜನನ ಪ್ರಮಾಣಪತ್ರ, ಆಧಾರ್, ಬೇಕಾದವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅಲ್ಲಿಯವರಿಗೆ ಮಗು ಈಗ ಎಲ್ಲಿ ಮಲಗುತ್ತದೆ ಎಂಬುದು ಮುಖ್ಯ, ಇಲ್ಲಿಯವರಿಗೆ ನಿನ್ನೆಯವರೆಗೆ ಎಲ್ಲಿ ಓದಿತು ಎಂಬುದು. ಮಗುವಿಗೆ ಏನೇನು ಬರುತ್ತದೆ ಎಂದು ಬರೆಯಲು ಎರಡೂ ಅರ್ಜಿಗಳಲ್ಲಿ ಜಾಗವಿಲ್ಲ.

ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿ ಒಬ್ಬಳು. ಎಂಜಿನಿಯರ್ ಅಪ್ಪನಿಗೆ ನ್ಯೂಜೆರ್ಸಿಯಲ್ಲಿ ಕೆಲಸವಾಗಿ ಮನೆಮಂದಿಯೆಲ್ಲ ಎಡಿಸನ್ ಊರಿಗೆ ಹೊರಟಿದ್ದಾರೆ. ಇನ್ನೊಬ್ಬ ಹುಡುಗ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಹುಟ್ಟಿ, ಅಲ್ಲೇ ನಾಲ್ಕನೇ ಗ್ರೇಡು ಮುಗಿಸಿದವನು. ಅಜ್ಜಿ ತಾತನಿಗೆ ವಯಸ್ಸಾಯಿತೆಂದು ಅವನ ಅಪ್ಪ ಅಮ್ಮ ಬೆಂಗಳೂರಿಗೆ ಮರಳುತ್ತಿದ್ದಾರೆ. ಇಂಥ ಮಕ್ಕಳು ಈಗ ನಮ್ಮ ನೆಂಟರಿಷ್ಟರ ಮನೆಗಳಲ್ಲೇ ಸಿಗುತ್ತಾರೆ. ದೊಡ್ಡವರ ವಲಸೆಯ ಬಗ್ಗೆ, ಅವರ ಸಂಬಳ ಮತ್ತು ವೀಸಾದ ಬಗ್ಗೆ ದಿನವೂ ಓದುತ್ತೇವೆ. ಮಕ್ಕಳಿಗೆ ವಲಸೆ ಎಂದರೆ ಮುಖ್ಯವಾಗಿ ಶಾಲೆ ಬದಲಾಗುವುದು. ಆ ಬದಲಾವಣೆಯ ಒಳಗೆ ನಡೆಯುವುದೇನು?

ಮೊದಲು ಬಾಗಿಲ ಮಾತು. ಅಮೆರಿಕದ ಶಾಲೆ ಕರೆಂಟ್ ಬಿಲ್ಲು ಕೇಳಲು ಕಾರಣ ಹಣ. ಅಲ್ಲಿ ಶಾಲೆಯ ಖರ್ಚಿನಲ್ಲಿ ಒಕ್ಕೂಟ ಸರ್ಕಾರದ ಪಾಲು ಸುಮಾರು ಹತ್ತರಲ್ಲೊಂದು; ಉಳಿದದ್ದು ರಾಜ್ಯದ್ದು ಮತ್ತು ಊರಿನದ್ದು. ಊರಿನ ಪಾಲು ಬಹುತೇಕ ಮನೆ ತೆರಿಗೆಯಿಂದ ಬರುತ್ತದೆ. ಹಾಗಾಗಿ ವಿಳಾಸವೇ ಶಾಲೆಯನ್ನು ಗೊತ್ತುಮಾಡುತ್ತದೆ, ಒಳ್ಳೆಯ ಶಾಲೆ ಇರುವ ಬಡಾವಣೆಯಲ್ಲಿ ಬಾಡಿಗೆ ಏರುತ್ತದೆ. ಇನ್ನು ವೀಸಾ ತೋರಿಸಿದರೆ ಮಾತ್ರ ಪ್ರವೇಶ ಎಂದು ಶಾಲೆ ಹೇಳುವಂತಿಲ್ಲ. ಅದರ ಹಿಂದೆ ಒಂದು ಮೊಕದ್ದಮೆ ಇದೆ. ಟೆಕ್ಸಸ್ ರಾಜ್ಯ 1975ರಲ್ಲಿ, ದಾಖಲೆಯಿಲ್ಲದೆ ದೇಶಕ್ಕೆ ಬಂದ ಮಕ್ಕಳ ಓದಿಗೆ ಹಣ ಕೊಡುವುದಿಲ್ಲ ಎಂದು ಕಾನೂನು ಮಾಡಿತು. ಟೈಲರ್ ಎಂಬ ಊರಿನ ಶಾಲಾ ಜಿಲ್ಲೆ ಅಂಥ ಮಕ್ಕಳಿಗೆ ವರ್ಷಕ್ಕೆ ಸಾವಿರ ಡಾಲರ್ ಶುಲ್ಕ ಹಾಕಿತು. ಮೆಕ್ಸಿಕೊ ಮೂಲದ ಬಡ ಕುಟುಂಬಗಳು ನ್ಯಾಯಾಲಯಕ್ಕೆ ಹೋದವು. ‘ಪ್ಲೈಲರ್ ವಿರುದ್ಧ ಡೋ’ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1982ರ ಜೂನ್ 15ರಂದು ಸುಪ್ರೀಂ ಕೋರ್ಟು ನಾಲ್ಕಕ್ಕೆ ಐದರ ಬಹುಮತದಿಂದ ಮಕ್ಕಳ ಪರ ನಿಂತಿತು. ತಂದೆ ತಾಯಿ ಮಾಡಿದ್ದಕ್ಕೆ ಮಕ್ಕಳನ್ನು ಶಿಕ್ಷಿಸಬಾರದು, ಸಂವಿಧಾನದ 14ನೇ ತಿದ್ದುಪಡಿ ರಕ್ಷಿಸುವುದು ಕೇವಲ ಪ್ರಜೆಗಳನ್ನಲ್ಲ ಎಂಬುದು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಬರೆದ ತೀರ್ಪಿನ ತಿರುಳು. ಇಂದು ವೀಸಾ ಇರುವ ನಮ್ಮ ಎಂಜಿನಿಯರನ ಮಗಳನ್ನೂ ಯಾರೂ ಪೌರತ್ವ ಕೇಳದೆ ಒಳಗೆ ಬಿಡುವುದು ಆ ಬಡವರು ಹೂಡಿದ ಮೊಕದ್ದಮೆಯ ಫಲ.

ನಮ್ಮಲ್ಲೂ ಬಾಗಿಲು ಅಷ್ಟೇ ಅಗಲ. ಸಂವಿಧಾನದ 21ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕೆನ್ನುತ್ತದೆ. ಪೌರತ್ವದ ಷರತ್ತು ಅಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ, ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸಬಾರದು, ಟಿ.ಸಿ. ತಡವಾಯಿತೆಂದು ಹಿಂದೆ ಕಳಿಸಬಾರದು, ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ. ಕಾನೂನಿನ ಮಟ್ಟಿಗೆ ಹೇಳುವುದಾದರೆ ಎರಡೂ ದೇಶ ಉದಾರಿ. ತೊಡಕು ಶುರುವಾಗುವುದು ಒಳಗೆ ಕಾಲಿಟ್ಟ ಮೇಲೆ.

ಮೊದಲ ತೊಡಕು ಪಂಚಾಂಗದ್ದು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದು, ಬೇಸಿಗೆ ರಜೆ ಕಳೆದು, ಜೂನ್ ಹೊತ್ತಿಗೆ ಶಾಲೆ ಶುರು. ಅಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ ತೊಡಗಿ ಜೂನ್‌ವರೆಗೆ, ಹೆಚ್ಚುಕಡಿಮೆ 180 ದಿನ. ಏಪ್ರಿಲ್‌ನಲ್ಲಿ ಏಳನೇ ತರಗತಿ ಮುಗಿಸಿ ಹೋದ ಹುಡುಗಿಯನ್ನು ವಯಸ್ಸು ನೋಡಿ ಮತ್ತೆ ಏಳಕ್ಕೇ ಕೂರಿಸುತ್ತಾರೆ, ಎರಡು ತಿಂಗಳ ಮಟ್ಟಿಗೆ. ‘ಒಂದು ಕ್ಲಾಸು ಹಿಂದೆ ಹಾಕಿದರಾ?’ ಎಂದು ಮೈಸೂರಿನಿಂದ ಅಜ್ಜಿ ಫೋನು ಮಾಡುತ್ತಾರೆ. ಜೂನ್‌ನಲ್ಲಿ ಶಾಲೆ ಮುಗಿಸಿ ಬಂದ ಸನಿವೇಲ್ ಹುಡುಗನಿಗೆ ರಜೆಯೇ ಇಲ್ಲ. ವಿಮಾನ ಇಳಿಯುವಷ್ಟರಲ್ಲಿ ಬೆಂಗಳೂರಿನ ಶಾಲೆಯಲ್ಲಿ ಎರಡು ಪಾಠ ಆಗಿಹೋಗಿರುತ್ತವೆ. ವಯಸ್ಸಿನ ಲೆಕ್ಕವೂ ಹೊಂದುವುದಿಲ್ಲ. ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿ ಸೆಪ್ಟೆಂಬರ್ ಆಸುಪಾಸಿನ ಒಂದು ದಿನಾಂಕಕ್ಕೆ ಐದು ತುಂಬಿದವರಿಗೆ ಕಿಂಡರ್‌ಗಾರ್ಟನ್. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮ ಬಂದು, ಪೋಷಕರ ಒತ್ತಾಯಕ್ಕೆ 2025–26ರಲ್ಲಿ ಒಂದೇ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲವಾಯಿತು. ಒಂದೇ ರಾಜ್ಯದೊಳಗೇ ಇಷ್ಟು ಗೊಂದಲವಿರುವಾಗ ಎರಡು ದೇಶಗಳ ನಡುವೆ ಒಂದು ವರ್ಷ ಆಚೀಚೆ ಆಗುವುದು ಸಹಜ. ಅದನ್ನು ಮಾನ ಮರ್ಯಾದೆಯ ಪ್ರಶ್ನೆ ಮಾಡಿಕೊಳ್ಳದಿರುವುದೇ ಮೇಲು.

ಎರಡನೆಯದು ಭಾಷೆ. ಅಮೆರಿಕದಲ್ಲಿ ಪ್ರವೇಶದ ದಿನವೇ ತುಂಬಬೇಕಾದ ಒಂದು ಚಿಕ್ಕ ನಮೂನೆ ಇರುತ್ತದೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಮಾತಾಡುವುದು ಯಾವುದು. ಅಮ್ಮ ಹೆಮ್ಮೆಯಿಂದ ‘ಕನ್ನಡ’ ಎಂದು ಬರೆಯುತ್ತಾರೆ. ಮಾರನೆಯ ವಾರ ಮಗಳಿಗೆ ಇಂಗ್ಲಿಷ್ ಪರೀಕ್ಷೆ ಎಂದು ತಿಳಿದು ಬೇಸರವಾಗುತ್ತದೆ: ‘ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವಳಿಗೆ ಎಂಥ ಪರೀಕ್ಷೆ?’ ಇದರ ಹಿಂದೆಯೂ ಒಂದು ಮೊಕದ್ದಮೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸುಮಾರು 1,800 ಚೀನೀ ಮೂಲದ ಮಕ್ಕಳು ಇಂಗ್ಲಿಷ್ ಅರ್ಥವಾಗದೆ ಸುಮ್ಮನೆ ತರಗತಿಯಲ್ಲಿ ಕೂತಿದ್ದರು. ಎಲ್ಲರಿಗೂ ಒಂದೇ ಪುಸ್ತಕ, ಒಬ್ಬರೇ ಶಿಕ್ಷಕರು ಎಂದಾಕ್ಷಣ ಸಮಾನತೆ ಆಗುವುದಿಲ್ಲ ಎಂದು 1974ರ ‘ಲೌ ವಿರುದ್ಧ ನಿಕೋಲ್ಸ್’ ತೀರ್ಪು ಹೇಳಿತು. ಅಂದಿನಿಂದ ಇಂಗ್ಲಿಷ್ ಸಾಲದ ಮಗುವಿಗೆ ನೆರವು ಕೊಡುವುದು ಶಾಲೆಯ ಹೊಣೆ. ನ್ಯೂಜೆರ್ಸಿಯೂ ಸೇರಿದಂತೆ ಹಲವು ರಾಜ್ಯಗಳು ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂಬ ನಾಲ್ಕೂ ಬಗೆಯಲ್ಲಿ ಮಗುವನ್ನು ಅಳೆಯುತ್ತವೆ. ಇಂಗ್ಲಿಷ್ ಮಾಧ್ಯಮದ ಮಗು ಬೇಗ ದಾಟಿಬಿಡುತ್ತದೆ. ಕನ್ನಡ ಮಾಧ್ಯಮದಿಂದ ಹೋದ ಮಗುವಿಗೆ ಈ ನೆರವು ನಿಜವಾದ ಆಸರೆ. ತಪ್ಪಿಸಿಕೊಳ್ಳಲೆಂದು ನಮೂನೆಯಲ್ಲಿ ‘ಇಂಗ್ಲಿಷ್’ ಎಂದು ಬರೆಯುವ ಜಾಣತನ, ಹೋರಾಡಿ ಪಡೆದ ಹಕ್ಕೊಂದನ್ನು ಕೈಯಾರೆ ಬಿಟ್ಟಂತೆ.

ಭಾಷೆಗಿಂತ ಆಳವಾದದ್ದು ಕಲಿಕೆಯ ರೀತಿ. ಮೈಸೂರಿನಲ್ಲಿ ಆ ಹುಡುಗಿ ಪಳಗಿದ್ದು ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ಉರು ಹೊಡೆದು ಚಿತ್ತಿಲ್ಲದೆ, ಹೊತ್ತಿಗೆ ಸರಿಯಾಗಿ ಬರೆಯುವುದರಲ್ಲಿ. ಇದು ಹಗುರ ವಿದ್ಯೆಯಲ್ಲ. ಜ್ಞಾಪಕ, ಶಿಸ್ತು, ಕೈಬರಹ, ವೇಗ ಎಲ್ಲವೂ ಬೇಕು. ಎಸ್ಸೆಸ್ಸೆಲ್ಸಿಯ 625 ಅಂಕಗಳ ದಾರಿ ಹಾಗೆಯೇ ಸವೆಯುವುದು. ಎಡಿಸನ್‌ನಲ್ಲಿ ಆ ಒಂದು ದೊಡ್ಡ ಪರೀಕ್ಷೆ ಇಲ್ಲ. ವಾರವಾರದ ಕ್ವಿಜ್, ಹೋಂವರ್ಕು, ಗುಂಪಿನ ಪ್ರಾಜೆಕ್ಟು, ತರಗತಿಯಲ್ಲಿ ಬಾಯಿ ಬಿಟ್ಟದ್ದು ಎಲ್ಲವೂ ಹನಿಹನಿಯಾಗಿ ಗ್ರೇಡಿಗೆ ಸೇರುತ್ತವೆ. ಒಂಬತ್ತನೇ ಗ್ರೇಡಿನಿಂದ ಹಾಗೆ ಕೂಡಿದ್ದು ಕಾಲೇಜಿನವರೆಗೆ ಬೆನ್ನುಹತ್ತುತ್ತದೆ. ಇಲ್ಲಿ ವರ್ಷವಿಡೀ ಸುಮ್ಮನಿದ್ದು ಮಾರ್ಚಿನಲ್ಲಿ ಎದ್ದು ಕೂತವನೂ ಗೆಲ್ಲಬಹುದು. ಅಲ್ಲಿ ಹಾಗೆ ಎದ್ದು ಕೂರಲು ಮಾರ್ಚ್ ಎಂಬುದೇ ಇಲ್ಲ.

ಮೊದಲ ಪ್ರಬಂಧದಲ್ಲೇ ಅವಳಿಗೆ ಪೆಟ್ಟು ಬೀಳುತ್ತದೆ. ಪುಸ್ತಕದ ವಾಕ್ಯಗಳನ್ನು ಒಂದಕ್ಷರ ತಪ್ಪದೆ ಇಳಿಸಿದ್ದಕ್ಕೆ ಮೈಸೂರಿನಲ್ಲಿ ಪೂರ್ತಿ ಅಂಕ ಸಿಗುತ್ತಿತ್ತು. ಅದೇ ಕೆಲಸಕ್ಕೆ ಅಲ್ಲಿ ಕೃತಿಚೌರ್ಯದ ಎಚ್ಚರಿಕೆ. ಮೇಷ್ಟ್ರು ಕೇಳಿದಾಗ ಮಾತ್ರ ಎದ್ದು ನಿಂತು ಉತ್ತರಿಸುವುದು ವಿನಯ ಎಂದು ಮನೆಯಲ್ಲೂ ಶಾಲೆಯಲ್ಲೂ ಹೇಳಿಕೊಟ್ಟಿದ್ದರು. ‘ಇವಳು ಚರ್ಚೆಯಲ್ಲಿ ಭಾಗವಹಿಸುವುದಿಲ್ಲ’ ಎಂದು ಅಲ್ಲಿನ ಟೀಚರು ಪ್ರಗತಿಪತ್ರದಲ್ಲಿ ಬರೆಯುತ್ತಾರೆ. ಹುಡುಗಿ ಬದಲಾಗಿಲ್ಲ. ಅವಳ ಗುಣವನ್ನು ಓದುವ ಲಿಪಿ ಬದಲಾಗಿದೆ. ಹಾಗೆಂದು ಎಲ್ಲವೂ ನಷ್ಟವಲ್ಲ. ಅಂಕ ಅಲ್ಲಿ ಖಾಸಗಿ ವಿಷಯ. 1974ರ ಕಾನೂನೊಂದು ವಿದ್ಯಾರ್ಥಿಯ ದಾಖಲೆಗಳನ್ನು ಕಾಯುತ್ತದೆ. ಕಡಿಮೆ ತೆಗೆದವರ ಹೆಸರು ಹಿಡಿದು ತರಗತಿಯ ಮುಂದೆ ಓದುವ, ರ‍್ಯಾಂಕಿನ ಪಟ್ಟಿಯನ್ನು ಗೋಡೆಗೆ ಅಂಟಿಸುವ ಪದ್ಧತಿಯಿಂದ ಬಂದ ಮಗುವಿಗೆ ಇದು ಎಂಥ ನೆಮ್ಮದಿ ಎಂಬುದನ್ನು ಹಿಂದಿನ ಬೆಂಚಿನಲ್ಲಿ ಕೂತವರು ಬಲ್ಲರು.

ಪಠ್ಯಕ್ರಮದ ಕಟ್ಟಡವೇ ಬೇರೆ ಎಂಬುದು ಬಹಳ ತಂದೆತಾಯಿಗಳಿಗೆ ತಡವಾಗಿ ತಿಳಿಯುತ್ತದೆ. ನಮ್ಮದು ಬಾಳೆಲೆ ಊಟ: ಪ್ರತಿ ವರ್ಷವೂ ಅಂಕಗಣಿತ, ಬೀಜಗಣಿತ, ರೇಖಾಗಣಿತ ಒಂದೊಂದು ಚೂರು, ಭೌತ, ರಸಾಯನ, ಜೀವಶಾಸ್ತ್ರ ಒಂದೊಂದು ಚೂರು. ಎಲೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತದೆ. ಅಮೆರಿಕದ ಹೈಸ್ಕೂಲಿನಲ್ಲಿ ಒಂದು ವರ್ಷಕ್ಕೆ ಒಂದೇ ಬಗೆ: ಒಂದು ವರ್ಷ ಪೂರ್ತಿ ಆಲ್ಜೀಬ್ರಾ, ಮುಂದಿನದು ಜಿಯಾಮೆಟ್ರಿ, ಆಮೇಲೆ ಎರಡನೇ ಆಲ್ಜೀಬ್ರಾ. ಹಾಗೆಯೇ ಒಂದು ವರ್ಷ ಬಯಾಲಜಿ, ಇನ್ನೊಂದು ವರ್ಷ ಕೆಮಿಸ್ಟ್ರಿ. ಒಂದೊಂದಕ್ಕೂ ಕ್ರೆಡಿಟ್, ಇಷ್ಟು ಕ್ರೆಡಿಟ್ ಕೂಡದೆ ಪದವಿಪತ್ರವಿಲ್ಲ. ಒಂಬತ್ತನೇ ತರಗತಿಯ ನಂತರ ಇಲ್ಲಿಂದ ಹೋದ ಮಗುವಿಗೆ ಎಲ್ಲವೂ ಅರ್ಧರ್ಧ ಗೊತ್ತು, ಅಲ್ಲಿನ ಲೆಕ್ಕದಲ್ಲಿ ಯಾವುದೂ ಪೂರ್ತಿಯಾಗಿಲ್ಲ. ಜಿಯಾಮೆಟ್ರಿಯ ಮುಕ್ಕಾಲು ಪ್ರಮೇಯಗಳನ್ನು ಬಲ್ಲ ಹುಡುಗನನ್ನು ಮತ್ತೆ ಜಿಯಾಮೆಟ್ರಿಗೇ ಕೂರಿಸುತ್ತಾರೆ, ಓದಿಯೇ ಇರದ ಅಮೆರಿಕದ ಇತಿಹಾಸವನ್ನು ಹೆಚ್ಚುವರಿಯಾಗಿ ಹೊರಿಸುತ್ತಾರೆ. ಅಲ್ಲಿಂದ ಹತ್ತನೇ ತರಗತಿಗೆ ಇಲ್ಲಿಗೆ ಬಂದವನ ಪಾಡು ಇದರ ಇನ್ನೊಂದು ಮಗ್ಗುಲು: ಬಯಾಲಜಿಯಲ್ಲಿ ಅವನು ಸಹಪಾಠಿಗಳಿಗಿಂತ ಮುಂದೆ, ಭೌತಶಾಸ್ತ್ರದ ಮುಖವನ್ನೇ ನೋಡಿಲ್ಲ. ಐದು, ಆರನೇ ತರಗತಿಯ ಹೊತ್ತಿಗೆ ದೇಶ ಬದಲಿಸಿದ ಮಕ್ಕಳು ಹೆಚ್ಚು ಸುಲಭವಾಗಿ ಹೊಂದಿಕೊಳ್ಳಲು, ಒಂಬತ್ತರ ನಂತರ ಬದಲಿಸಿದವರು ಒದ್ದಾಡಲು ದೊಡ್ಡ ಕಾರಣ ಇದು. ಬುದ್ಧಿಯ ಕೊರತೆ ಖಂಡಿತ ಅಲ್ಲ.

ಇತಿಹಾಸದ ಪಾಠದಲ್ಲಿ ಒಂದು ಸ್ವಾರಸ್ಯವಿದೆ. ಅಮೆರಿಕದ ಮಕ್ಕಳು ಸ್ವಾತಂತ್ರ್ಯ ಯುದ್ಧದ ಪಾಠದಲ್ಲಿ ಲಾರ್ಡ್ ಕಾರ್ನ್‌ವಾಲಿಸನನ್ನು ಓದುತ್ತಾರೆ: 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೈನ್ಯಕ್ಕೆ ಶರಣಾದ ಬ್ರಿಟಿಷ್ ಸೇನಾನಿ. ಅವರ ಪುಸ್ತಕದಲ್ಲಿ ಅವನ ಕಥೆ ಅಲ್ಲಿಗೆ ಮುಗಿಯಿತು. ಮೈಸೂರಿನ ಮಗುವಿಗೆ ಅವನ ಕಥೆ ಶುರುವಾಗುವುದೇ ಆಮೇಲೆ. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದವನು, ಮೂರನೇ ಮೈಸೂರು ಯುದ್ಧ ನಡೆಸಿ 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪುವಿನಿಂದ ರುಜು ಹಾಕಿಸಿಕೊಂಡು, ಅವನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಒಯ್ದವನು. ಎಡಿಸನ್‌ನ ಆ ತರಗತಿಯಲ್ಲಿ ಕಾರ್ನ್‌ವಾಲಿಸನ ಎರಡೂ ಅರ್ಧ ಗೊತ್ತಿರುವುದು ಶ್ರೀರಂಗಪಟ್ಟಣಕ್ಕೆ ಶಾಲಾ ಪ್ರವಾಸ ಹೋಗಿಬಂದ ನಮ್ಮ ಹುಡುಗಿಗೆ ಮಾತ್ರ. ಅಮೆರಿಕದಲ್ಲಿ ಸೋತ ಸಾಮ್ರಾಜ್ಯ ಪೂರ್ವಕ್ಕೆ ತಿರುಗಿ ಹೇಗೆ ಗೆದ್ದಿತು ಎಂಬ ದೊಡ್ಡ ಪಾಠವನ್ನು ಅವಳು ಐದು ನಿಮಿಷದಲ್ಲಿ ಹೇಳಬಲ್ಲಳು. ಆದರೆ ಕೇಳುವವರಿಲ್ಲ. ಅವಳಿಗೆ ಗೊತ್ತಿಲ್ಲದ ಅಮೆರಿಕದ ಅಂತರ್ಯುದ್ಧವನ್ನು ಶಾಲೆ ಕೂಡಲೇ ಗುರುತಿಸುತ್ತದೆ, ಗೊತ್ತಿರುವ ಮೈಸೂರು ಯುದ್ಧವನ್ನು ಗುರುತಿಸುವ ಉಪಾಯ ಅದಕ್ಕಿಲ್ಲ. ಎರಡು ದೇಶಗಳಲ್ಲಿ ಓದುವ ಮಗುವಿನ ಕಷ್ಟದ ಮೂಲ ಇರುವುದು ಇಲ್ಲೇ: ಹೊಸ ಶಾಲೆಗೆ ಕಾಣುವುದು ತಾನು ಕಲಿಸಿದ್ದರಲ್ಲಿ ಮಗುವಿಗೆ ಬಾರದ್ದು ಮಾತ್ರ.

ಪುಸ್ತಕದಾಚೆಗಿನ ಕಲಿಕೆಯೂ ಸಣ್ಣದಲ್ಲ. ಬೆಳಿಗ್ಗೆ ಧ್ವಜದ ಮುಂದೆ ಎಲ್ಲರೂ ಎದೆಯ ಮೇಲೆ ಕೈಯಿಟ್ಟು ನಿಷ್ಠೆಯ ಪ್ರತಿಜ್ಞೆ ಹೇಳುವಾಗ ಹುಡುಗಿ ಏನು ಮಾಡಬೇಕು? ಬೇಡವಾದವರು ಹೇಳಬೇಕಿಲ್ಲ, 1943ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಬಲವಂತ ಕೂಡದೆಂದಿದೆ. ಬಂದೂಕುಧಾರಿ ನುಗ್ಗಿದರೆ ದೀಪ ಆರಿಸಿ, ಬಾಗಿಲು ಭದ್ರಪಡಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ‘ಲಾಕ್‌ಡೌನ್ ಡ್ರಿಲ್’ ಅಲ್ಲಿನ ಮಕ್ಕಳಿಗೆ ವಾಡಿಕೆಯಾಗಿಬಿಟ್ಟಿದೆ. ಮೈಸೂರಿನಿಂದ ಹೋದವಳು ಮೊದಲ ಸಲ ಅದರಲ್ಲಿ ಕೂತು ಬಂದ ಸಂಜೆ ಮನೆಯಲ್ಲಿ ಅಪ್ಪ ಅಮ್ಮನ ಬಾಯಿ ಕಟ್ಟುತ್ತದೆ. ಸಿರಿವಂತ ದೇಶದ ಶಾಲೆಯಲ್ಲಿ ಇದನ್ನೂ ಕಲಿಸಬೇಕಾಗಿದೆ ಎಂಬುದನ್ನು ವಲಸೆಯ ಕನಸು ಹೆಣೆಯುವಾಗ ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಈಗ ಬೆಂಗಳೂರಿಗೆ ಬಂದ ಹುಡುಗನತ್ತ ನೋಡೋಣ. ಅವನಿಗೆ ಮೊದಲು ಎದುರಾಗುವುದು ಯೂನಿಫಾರ್ಮು, ಬೆಲ್ಟು, ಕಪ್ಪು ಷೂ, ದಿನವೂ ಸಹಿಯಾಗಬೇಕಾದ ಡೈರಿ. ಕೂಡಿಸಿ ಬರೆಯುವ ಇಂಗ್ಲಿಷ್ ಅವನ ಶಾಲೆಯಲ್ಲಿ ಅಷ್ಟಾಗಿ ಅಭ್ಯಾಸವಿರಲಿಲ್ಲ. ಇಲ್ಲಿ ಬೋರ್ಡಿನ ಮೇಲಿದ್ದುದನ್ನು ಒರೆಸುವ ಮುಂಚೆ ಇಳಿಸಿಕೊಳ್ಳಬೇಕು. ಮಗ್ಗಿ ಇಪ್ಪತ್ತರವರೆಗೆ ಬಾಯಿಗೆ ಬರಬೇಕು. ಲಕ್ಷ ಎಂದರೆ ಅಲ್ಪವಿರಾಮ ಬೇರೆ ಕಡೆ ಬೀಳುತ್ತದೆ, ತಾರೀಖಿನಲ್ಲಿ ತಿಂಗಳು ಹಿಂದಕ್ಕೆ ಸರಿಯುತ್ತದೆ, ಇಂಚು ಮೈಲಿಗಳನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಬಿಗಿಯಾದ ಗಂಟು ಭಾಷೆಯದ್ದು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಕೇಂದ್ರ ಪಠ್ಯಕ್ರಮದ ಶಾಲೆಗಳಿಗೂ ಅನ್ವಯಿಸುತ್ತದೆ. ಮನೆಯಲ್ಲಿ ‘ಅಜ್ಜಿ, ಊಟ ಆಯ್ತಾ?’ ಎಂದು ಸೊಗಸಾಗಿ ಮಾತಾಡುವ ಹುಡುಗ ಒತ್ತಕ್ಷರ ಕಂಡೊಡನೆ ತಡವರಿಸುತ್ತಾನೆ, ಅದರ ಬೆನ್ನಿಗೇ ಹಿಂದಿಯೂ ಬಂದು ನಿಲ್ಲುತ್ತದೆ. ಇದನ್ನು ನೋಡಿ ಕನ್ನಡವನ್ನೇ ದೂರುವ ತಂದೆತಾಯಿಗಳಿದ್ದಾರೆ. ಮಾತು ಆಗಲೇ ಬರುವ ಮಗುವಿಗೂ ಏನೂ ಬಾರದ ಮಗುವಿಗೂ ಒಂದೇ ಪುಸ್ತಕ, ಒಂದೇ ಪರೀಕ್ಷೆ ಇಡುವುದು ಇಲ್ಲಿನ ದೋಷ. ಕಾಯ್ದೆ ಕನ್ನಡವನ್ನು ತರಗತಿಯೊಳಗೆ ತಂದಿತು. ನಡುವೆ ಬಂದು ಸೇರುವವರಿಗೆಂದೇ ಕಲಿಸುವ ಕ್ರಮವನ್ನು ಶಾಲೆಗಳು ಇನ್ನೂ ರೂಢಿಸಿಕೊಳ್ಳಬೇಕಿದೆ.

ವಿಶೇಷ ಅಗತ್ಯದ ಮಕ್ಕಳಿಗೆ ಈ ಸಾಗಾಟ ಇನ್ನಷ್ಟು ದುಬಾರಿ. ಅಮೆರಿಕದಲ್ಲಿ 1975ರಲ್ಲಿ ಅಂಗೀಕಾರವಾದ ಕಾನೂನಿನ ಪ್ರಕಾರ ಅಂಥ ಪ್ರತಿ ಮಗುವಿಗೂ ಶಾಲೆಯೇ ಪ್ರತ್ಯೇಕ ಕಲಿಕಾ ಯೋಜನೆ ಬರೆದು, ಮಾತಿನ ಚಿಕಿತ್ಸೆಯಂಥ ನೆರವನ್ನು ಖರ್ಚಿಲ್ಲದೆ ಒದಗಿಸಬೇಕು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಮನ್ವಯ ಶಿಕ್ಷಣದ ಭರವಸೆ ಕೊಟ್ಟಿದೆ. ಆದರೆ ಬಹಳಷ್ಟು ಶಾಲೆಗಳಲ್ಲಿ ಅದನ್ನು ನಡೆಸುವ ಶಿಕ್ಷಕರಿಲ್ಲ. ಊರಿಗೆ ಮರಳಬೇಕೆಂದು ಮನಸ್ಸು ಮಾಡಿದ ಎಷ್ಟೋ ಕುಟುಂಬಗಳು ಇದೊಂದೇ ಕಾರಣಕ್ಕೆ ಹಿಂಜರಿಯುತ್ತವೆ.

ವಲಸೆ ಎಂದೊಡನೆ ನಮಗೆ ನೆನಪಾಗುವುದು ಹೋಗುವವರು. ಬರುವವರೂ ಇದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಾವಲುಗಾರರಾಗಿ, ಹೋಟೆಲಿನ ಅಡುಗೆಯವರಾಗಿ ದುಡಿಯುವ ನೇಪಾಳಿಗಳ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲೇ ಕೂತಿರುತ್ತಾರೆ. 1950ರ ಒಪ್ಪಂದದಿಂದಾಗಿ ಅವರಿಗೆ ವೀಸಾದ ಹಂಗಿಲ್ಲ. ಆದರೆ ನೇಪಾಳದ ಶಾಲಾ ವರ್ಷ ವೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವೆ ಶುರುವಾಗುತ್ತದೆ, ಟಿ.ಸಿ. ತರಲು ಗುಡ್ಡದ ಊರಿಗೆ ಹೋಗಿಬರುವುದೆಂದರೆ ತಿಂಗಳ ಸಂಬಳ. ಎಡಿಸನ್‌ನಲ್ಲಿ ನಮ್ಮ ಮಗುವಿಗೆ ಸಿಗುವ ಭಾಷಾ ನೆರವು ಇಲ್ಲಿ ಈ ಮಕ್ಕಳಿಗೆ ಸಿಗುವುದಿಲ್ಲ. ಸಹಪಾಠಿಗಳೇ ಗುರುಗಳಾಗಿ, ಎರಡು ವರ್ಷದೊಳಗೆ ಬೆಂಗಳೂರು ಕನ್ನಡ ಬಾಯಿಗೆ ಹತ್ತಿ, ಶಾಲೆಯ ಸಭೆಯಲ್ಲಿ ಅಮ್ಮನಿಗೆ ಮೇಡಂ ಹೇಳಿದ್ದನ್ನು ತಾವೇ ತಿಳಿಸಿ ಹೇಳುತ್ತಾರೆ. ಎಂಜಿನಿಯರನ ಮಗಳ ಹಿಂದೆ ಇಂಗ್ಲಿಷ್ ಬಲ್ಲ ಅಪ್ಪ ಅಮ್ಮ, ಟ್ಯೂಷನ್ನಿನ ದುಡ್ಡು ಇರುತ್ತದೆ. ಕಾವಲುಗಾರನ ಮಗನ ಹಿಂದೆ ಇರುವುದು ಅವನ ಮೇಷ್ಟ್ರು ಮಾತ್ರ. ಎರಡು ದೇಶದ ಓದು ಎಂಬ ಒಂದೇ ಹೆಸರಿನಡಿ ಇಷ್ಟು ಅಂತರದ ಬದುಕುಗಳಿವೆ.

ಶಾಲೆ ಮುಗಿಯುವ ಹೊತ್ತಿಗೆ ಇನ್ನೊಂದು ಬಗೆಯ ಕಷ್ಟ ಕಾಣಿಸಿಕೊಳ್ಳುತ್ತದೆ. ಹನ್ನೆರಡು ವರ್ಷ ಯಾರೂ ಕೇಳದಿದ್ದ ಪಾಸ್‌ಪೋರ್ಟನ್ನು ಈಗ ಎರಡೂ ದೇಶ ಕೇಳತೊಡಗುತ್ತವೆ. ಎಡಿಸನ್‌ನ ಹುಡುಗಿ ಎಚ್–4, ಅಂದರೆ ಅವಲಂಬಿತರ ವೀಸಾದವಳು. ಹದಿನಾರಕ್ಕೆ ಗೆಳತಿಯರೆಲ್ಲ ಐಸ್‌ಕ್ರೀಂ ಅಂಗಡಿಯಲ್ಲಿ ಬೇಸಿಗೆ ಕೆಲಸಕ್ಕೆ ಸೇರಿದಾಗ ಅವಳು ಸೇರುವಂತಿಲ್ಲ. ಕಾಲೇಜಿಗೆ ಒಕ್ಕೂಟ ಸರ್ಕಾರದ ಧನಸಹಾಯ ಸಿಗುವುದಿಲ್ಲ. ಯಾವುದೇ ಒಂದು ದೇಶಕ್ಕೆ ವರ್ಷದ ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಶೇ 7ಕ್ಕಿಂತ ಹೆಚ್ಚು ಪಾಲು ಇಲ್ಲವೆಂಬ ನಿಯಮದಿಂದ ಅಪ್ಪನ ಸರದಿ ದಶಕಗಟ್ಟಲೆ ಹಿಂದೆ. ಅಷ್ಟರೊಳಗೆ ಅವಳಿಗೆ 21 ತುಂಬಿದರೆ ಅವಲಂಬಿತಳೆಂಬ ಸ್ಥಾನವೇ ಹೋಗುತ್ತದೆ. ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ದೇಶ ಬಿಡಬೇಕು. ಇಂಥ ಆತಂಕದಲ್ಲಿರುವವರು ಎರಡು ಲಕ್ಷಕ್ಕೂ ಹೆಚ್ಚು ಎಂಬ ಅಂದಾಜಿದೆ, ಅವರಲ್ಲಿ ಬಹುಪಾಲು ಭಾರತೀಯರು. 2012ರಲ್ಲಿ ಒಬಾಮ ಸರ್ಕಾರ ಚಿಕ್ಕಂದಿನಲ್ಲಿ ಬಂದ ಮಕ್ಕಳಿಗೆ ಗಡಿಪಾರಿನಿಂದ ರಕ್ಷಣೆ ಕೊಟ್ಟಾಗ, ಆ ವರ್ಷದ ಜೂನ್ 15ರಂದು ಕಾನೂನುಬದ್ಧ ಸ್ಥಾನ ಇಲ್ಲದವರಿಗೆ ಮಾತ್ರ ಅನ್ವಯವೆಂದಿತು. ಕಾಗದಪತ್ರ ಸರಿಯಾಗಿ ಇಟ್ಟುಕೊಂಡವರು ಹೊರಗುಳಿದರು. ಇವರಿಗೆಂದು 2021ರಿಂದ ಅಲ್ಲಿನ ಸಂಸತ್ತಿನಲ್ಲಿ ಮಂಡನೆಯಾಗುತ್ತ ಬಂದ ಮಸೂದೆ ಕಾಯ್ದೆಯಾಗಿಲ್ಲ.

ನಮ್ಮ ಬಾಗಿಲೂ ಇಲ್ಲಿ ಕಿರಿದಾಗುತ್ತದೆ. ಸನಿವೇಲ್‌ನಲ್ಲಿ ಹುಟ್ಟಿದವನ ಕೈಯಲ್ಲಿರುವುದು ಅಮೆರಿಕದ ಪಾಸ್‌ಪೋರ್ಟು ಮತ್ತು ಸಾಗರೋತ್ತರ ಭಾರತೀಯರ ಒಸಿಐ ಕಾರ್ಡು. 2021ರ ಮಾರ್ಚ್ 4ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಅಧಿಸೂಚನೆ, ನೀಟ್, ಜೆಇಇಗಳಲ್ಲಿ ಒಸಿಐ ವಿದ್ಯಾರ್ಥಿಗಳು ಅನಿವಾಸಿ ಅಥವಾ ಹೆಚ್ಚುವರಿ (ಸೂಪರ್‌ನ್ಯೂಮರರಿ) ಸೀಟುಗಳಿಗೆ ಮಾತ್ರ ಅರ್ಹರು, ಭಾರತೀಯರಿಗೇ ಮೀಸಲಾದ ಸೀಟುಗಳಿಗಲ್ಲ ಎಂದಿತು. ಅನಿವಾಸಿ ಸೀಟಿನ ಶುಲ್ಕ ಎಷ್ಟೆಂದು ಮೆಡಿಕಲ್ ಕನಸು ಕಂಡವರಿಗೆಲ್ಲ ಗೊತ್ತು. ಇಲ್ಲೇ ಬೆಳೆದು ಇಲ್ಲೇ ಪಿಯುಸಿ ಓದಿದ ಮಕ್ಕಳು ನ್ಯಾಯಾಲಯದ ಮೆಟ್ಟಿಲೇರಿದರು. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಆ ದಿನಾಂಕದ ನಂತರ ಹೊರದೇಶದಲ್ಲಿ ಹುಟ್ಟಿ ಕಾರ್ಡು ಪಡೆದವರಿಗೆ ಮಾತ್ರ ಅಧಿಸೂಚನೆ ಅನ್ವಯವೆಂದು ತೀರ್ಪು ಕೊಟ್ಟಿತು. ನಮ್ಮ ಹುಡುಗ ಅದಕ್ಕೂ ಮುಂಚೆ ಹುಟ್ಟಿದವನು, ಬಚಾವಾದ. ಅವನ ತಂಗಿ 2022ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ, ಅದೇ ಬೆಂಗಳೂರಿನ ಶಾಲೆಗೆ ಅದೇ ಬಸ್ಸಿನಲ್ಲಿ ಹೋಗಿ ಬೆಳೆದರೂ, ಅಣ್ಣನಿಗೆ ಸಿಗುವ ಸೀಟು ಅವಳಿಗೆ ಸಿಗದು. ಇಬ್ಬರಿಗೂ ಮೇಷ್ಟ್ರು ಕಲಿಸಿದ್ದು ಒಂದೇ ಪಾಠ.

ಹಾಗಾದರೆ ಆಗಬೇಕಾದ್ದೇನು? ದಾರಿ ಇಲ್ಲವೆಂದಲ್ಲ. ಅಮೆರಿಕದ ಹಲವು ಊರುಗಳಲ್ಲಿ ಕನ್ನಡಿಗರು ವಾರಾಂತ್ಯದ ಕನ್ನಡ ಶಾಲೆಗಳನ್ನು ನಡೆಸುತ್ತಾರೆ. ಕೆಲವು ಶಾಲಾ ಜಿಲ್ಲೆಗಳು ಆ ಕಲಿಕೆಗೆ ಹೈಸ್ಕೂಲಿನ ವಿದೇಶಿ ಭಾಷೆಯ ಕ್ರೆಡಿಟ್ ಕೊಡುತ್ತಿವೆ. ಅಲ್ಲಿ ಮಗುವಿಗೆ ಬರುವುದನ್ನು ಶಾಲೆ ಮೊದಲ ಬಾರಿಗೆ ಲೆಕ್ಕಕ್ಕೆ ತೆಗೆದುಕೊಂಡಿದೆ. ಅಮೆರಿಕ ಮತ್ತು ಮೆಕ್ಸಿಕೊ ನಡುವೆ ಓಡಾಡುವ ಕೃಷಿ ಕೂಲಿಗಳ ಮಕ್ಕಳಿಗಾಗಿ ಎರಡೂ ಕಡೆಯ ಶಾಲೆಗಳು ಒಪ್ಪುವ ವರ್ಗಾವಣೆ ಪತ್ರವೊಂದು ಬಹು ಹಿಂದೆಯೇ ಬಳಕೆಗೆ ಬಂತು. ವಿದೇಶದ ಶಾಲಾ ದಾಖಲೆಗಳಿಗೆ ಅಪೋಸ್ಟಿಲ್ ಮೊಹರು ಬೇಕೇಬೇಕೆಂಬ ಷರತ್ತನ್ನು ಮೆಕ್ಸಿಕೊ 2015ರಲ್ಲಿ ಕೈಬಿಟ್ಟಿತು. ಬಡ ಕೂಲಿಗಳ ಮಕ್ಕಳಿಗಾಗಿ ಆದದ್ದು ಇಷ್ಟೊಂದು ಎಂಜಿನಿಯರುಗಳನ್ನು ಕಳಿಸುವ, ಕರೆಸಿಕೊಳ್ಳುವ ದೇಶಗಳ ನಡುವೆ ಆಗದಿರಲು ಕಾರಣವಿಲ್ಲ.

ಅಲ್ಲಿಯವರೆಗೆ ತಂದೆತಾಯಿಗಳು ಮಾಡಿಕೊಳ್ಳಬಹುದಾದ ಕೆಲಸಗಳಿವೆ. ಅಂಕಪಟ್ಟಿ ಸಾಲದು, ಆ ವರ್ಷ ಓದಿದ ಪಠ್ಯಪುಸ್ತಕಗಳ ಪರಿವಿಡಿ, ನೋಟ್‌ಬುಕ್ಕುಗಳು, ಪ್ರಶ್ನೆಪತ್ರಿಕೆಗಳು ಜೊತೆಗಿರಲಿ. ಯಾವ ಅಧ್ಯಾಯ ಆಗಿದೆ ಎಂದು ತೋರಿಸಿದರೆ ಅಲ್ಲಿನ ಕೌನ್ಸೆಲರ್ ಮೇಲಿನ ಗಣಿತಕ್ಕೆ ಕೂರಿಸಲು ಒಪ್ಪುವುದುಂಟು. ಸಾಧ್ಯವಾದರೆ ಒಂಬತ್ತರಿಂದ ಹನ್ನೆರಡರ ನಡುವೆ ದೇಶ ಬದಲಿಸುವುದು ಬೇಡ. ವಿದೇಶದಲ್ಲಿರುವವರು ದಿನಕ್ಕೆ ಹತ್ತು ನಿಮಿಷ ಕನ್ನಡ ಓದಿಸಲಿ. ವಾಪಸು ಬರುತ್ತೇವೋ ಇಲ್ಲವೋ ಎಂಬ ಲೆಕ್ಕಾಚಾರ ಅದಕ್ಕೆ ಬೇಕಿಲ್ಲ.

ಸರ್ಕಾರಗಳಿಗೂ ಹೊಸ ತತ್ವ ಹುಡುಕುವ ಶ್ರಮವಿಲ್ಲ, ಅದು ಆಗಲೇ ಅವರ ಕಾನೂನುಗಳಲ್ಲೇ ಇದೆ. ಸಿಇಟಿ ಸೀಟಿಗೆ ಕರ್ನಾಟಕ ಕೇಳುವ ಮುಖ್ಯ ಅರ್ಹತೆಗಳಲ್ಲಿ ಒಂದು, ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕೆಂಬುದು. ಕ್ಯಾಲಿಫೋರ್ನಿಯಾ 2001ರಲ್ಲಿ ಮಾಡಿದ ಕಾನೂನು, ರಾಜ್ಯದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಮುಗಿಸಿದ ದಾಖಲೆರಹಿತ ವಿದ್ಯಾರ್ಥಿಗೂ ಸ್ಥಳೀಯರ ಶುಲ್ಕವನ್ನೇ ಹಾಕುತ್ತದೆ. ಏಳೋ ಮೂರೋ, ಎರಡೂ ಎಣಿಸುವುದು ಮಗು ಬೆಂಚಿನ ಮೇಲೆ ಕೂತ ವರ್ಷಗಳನ್ನು. ಒಂದು ಸಮಾಜ ತನ್ನ ತೆರಿಗೆ ಹಣದಿಂದ ಹತ್ತು ಹನ್ನೆರಡು ವರ್ಷ ಓದಿಸಿ, ಫಲ ಬರುವ ಹೊತ್ತಿಗೆ ‘ನೀನು ಯಾರು?’ ಎಂದು ಕೇಳುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಎಡಿಸನ್‌ನ ಹುಡುಗಿಗೆ, ಬೆಂಗಳೂರಿನ ಆ ತಂಗಿಗೆ, ಕಾವಲುಗಾರನ ಮಗನಿಗೆ ಒಂದೇ ಅಳತೆಗೋಲು ಸಾಕು: ನಮ್ಮಲ್ಲಿ ಎಷ್ಟು ವರ್ಷ ಓದಿದ್ದೀಯ? ಉತ್ತರ ಹಾಜರಿ ಪುಸ್ತಕದಲ್ಲೇ ಇರುತ್ತದೆ, ಅದನ್ನು ಪ್ರಮಾಣವೆಂದು ಒಪ್ಪಿಕೊಂಡರಾಯಿತು.